ಕಂಪಾರಿಗೆ ಸಕ್ಕರೆ ಬೇಡ, ಹುಳಿ ಕೊಡಿ

ಕಂಪಾರಿ ಅಂದರೆ ಇಟಲಿಯ ಕೆಂಪು ಬಣ್ಣದ ಕಹಿ ಮದ್ಯ. ಅದರ ಬಾಟಲಿ ಮನೆಗೆ ತಂದವರು ಬಾರ್ ಕೌಂಟರಿನಲ್ಲಿ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಬಣ್ಣ ಚೆನ್ನಾಗಿದೆ, ಆದ್ರೆ ಇಷ್ಟೊಂದು ಕಹಿ! ಎಷ್ಟು ಸಕ್ಕರೆ ಪಾಕ ಹಾಕ್ಲಿ?" ಪಾಕ ಬೇಡ ಅಂತಲೇ ಹೇಳುತ್ತೇನೆ. ಆ ಬಾಟಲಿಯೊಳಗೆ ಆಗಲೇ ಸಾಕಷ್ಟು ಸಕ್ಕರೆ ಇದೆ. ಇನ್ನಷ್ಟು ಸುರಿದರೆ ಕಹಿ ಹೋಗುವುದಿಲ್ಲ, ಕುಡಿದದ್ದು ಅಂಟಂಟಾಗಿ ಗಂಟಲಲ್ಲೇ ಉಳಿಯುತ್ತದೆ. ನಮ್ಮ ಹಾಗಲಕಾಯಿ ಗೊಜ್ಜನ್ನೇ ನೋಡಿ. ಬರೀ ಬೆಲ್ಲ ಹಾಕಿದರೆ ಗೊಜ್ಜಾಗುತ್ತದಾ? ಹುಣಸೆಹಣ್ಣು ಬೇಕು, ಉಪ್ಪು ಬೇಕು. ಕಂಪಾರಿಗೂ ಹಾಗೇ: ಹುಳಿಯಿರುವ ಹಣ್ಣು, ಒಂದು ಚಿಟಿಕೆ ಉಪ್ಪು. ಉಪ್ಪು ನಾಲಗೆಗೆ ಕಹಿ ತಟ್ಟುವುದನ್ನು ನಿಜಕ್ಕೂ ತಗ್ಗಿಸುತ್ತದೆ.

ಇಟಲಿಯವರಿಗೆ ಇದು ಚೆನ್ನಾಗಿ ಗೊತ್ತು. ಗ್ಯಾಸ್ಪರೆ ಕಂಪಾರಿ ಈ ಮದ್ಯವನ್ನು ಉತ್ತರ ಇಟಲಿಯ ನೊವಾರಾ ಊರಿನಲ್ಲಿ ತಯಾರಿಸಿದ್ದು 1860ರಲ್ಲಿ. ಅದೇ ವರ್ಷ, ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಸೇನಾನಿ ಗ್ಯಾರಿಬಾಲ್ಡಿ ತನ್ನ ಕೆಂಪಂಗಿಯ ಪಡೆ ಕಟ್ಟಿಕೊಂಡು ಸಿಸಿಲಿಯಲ್ಲಿ ಇಳಿದ. ಕಂಪಾರಿ ಮತ್ತು ಕಿತ್ತಳೆ ರಸ ಸೇರಿಸಿದ ಕಾಕ್‌ಟೇಲಿಗೆ ಅವನದೇ ಹೆಸರು. ಮದ್ಯ ಉತ್ತರದ್ದು, ಕಿತ್ತಳೆ ದಕ್ಷಿಣದ ಸಿಸಿಲಿಯದ್ದು, ಎರಡೂ ಒಂದೇ ಗ್ಲಾಸಿನಲ್ಲಿ. 45 ಮಿಲಿ ಕಂಪಾರಿಗೆ 120 ಮಿಲಿ ರಸ, ಅಷ್ಟೇ. ಆದರೆ ಆ ರಸವನ್ನು ಆಗಷ್ಟೇ ಹಿಂಡಿರಬೇಕು. ಸೋಸಿ, ಮಿಕ್ಸಿಯಲ್ಲಿ ಅರ್ಧ ನಿಮಿಷ ಜೋರಾಗಿ ತಿರುಗಿಸಿ. ರಸ ಹಗುರಾಗಿ ನೊರೆಯೇಳುತ್ತದೆ. ಐಸ್ ಮತ್ತು ಕಂಪಾರಿ ಇರುವ ಗ್ಲಾಸಿಗೆ ಮೊದಲು ಸ್ವಲ್ಪ ರಸ ಹಾಕಿ ಕಲಕಿ, ಉಳಿದದ್ದನ್ನು ಮೇಲಿನಿಂದ ಸುರಿಯಿರಿ. ಪ್ಯಾಕೆಟ್ ಜ್ಯೂಸಿನಲ್ಲಿ ಈ ಹಗುರ ಬರುವುದಿಲ್ಲ, ಹುಳಿಯೂ ಮಂಕಾಗಿರುತ್ತದೆ.

ಯಾವ ಹಣ್ಣು ಒಗ್ಗುತ್ತದೆ? ಅನಾನಸ್ ಚೆನ್ನಾಗಿ ಒಗ್ಗುತ್ತದೆ. 1970ರ ದಶಕದಲ್ಲಿ ಕೌಲಾಲಂಪುರದ ಹಿಲ್ಟನ್ ಹೋಟೆಲಿನಲ್ಲಿ ಹುಟ್ಟಿದ ಜಂಗಲ್ ಬರ್ಡ್ ಕಾಕ್‌ಟೇಲಿನಲ್ಲಿ ಡಾರ್ಕ್ ರಮ್, ಕಂಪಾರಿ, ಅನಾನಸ್ ರಸ, ನಿಂಬೆ ಎಲ್ಲವೂ ಇವೆ. ಕಹಿ ಅಂದರೆ ಮುಖ ಕಿವುಚುವವರಿಗೆ ನಾನು ಮೊದಲು ಕೊಡುವುದು ಇದನ್ನೇ. ಗ್ರೇಪ್‌ಫ್ರೂಟ್ ಕೂಡ ಒಳ್ಳೆಯ ಜೋಡಿ. ಅದು ಸಿಗದಿದ್ದರೆ ಚಕ್ಕೋತ ಹಿಡಿಯಿರಿ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಬೆರೆತು, ಹಾಗಾಗಿ ರುಚಿಯಲ್ಲಿ ನೆಂಟಸ್ತಿಕೆ ಇದೆ. ದೇವನಹಳ್ಳಿ ಚಕ್ಕೋತದ ತೊಳೆ ಬಿಡಿಸಿ, ಬಿಳಿ ಪೊರೆ ಪೂರ್ತಿ ತೆಗೆದು ಹಾಕಿದರೆ ತುಂಬ ಸೊಗಸು. ಕಲ್ಲಂಗಡಿ, ಮಾವಿನಹಣ್ಣಿಗೆ ಹುಳಿ ಸಾಲದು. ನಿಂಬೆ ಇಲ್ಲದೆ ಅವನ್ನು ಕಂಪಾರಿ ಜೊತೆ ಸೇರಿಸಲೇಬೇಡಿ.

ಹಣ್ಣನ್ನು ಮದ್ಯದಲ್ಲಿ ನೆನೆಸುವುದಾದರೆ ಸ್ಟ್ರಾಬೆರಿಯಿಂದ ಶುರು ಮಾಡಿ. ಹೆಚ್ಚಿದ 250 ಗ್ರಾಂ ಹಣ್ಣು, 300 ಮಿಲಿ ಕಂಪಾರಿ, ಗಾಜಿನ ಜಾಡಿ, ಫ್ರಿಜ್‌ನಲ್ಲಿ ಒಂದು ದಿನ. ತೆಳು ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ಹಿಂಡಿದರೆ ಕದಡುತ್ತದೆ. ಹಣ್ಣಿನ ನೀರು ಇಳಿದು ಮದ್ಯ ತೆಳುವಾಗಿರುವುದರಿಂದ ಸೋಸಿದ್ದನ್ನು ಹೊರಗಿಡದೆ ಫ್ರಿಜ್‌ನಲ್ಲೇ ಇಟ್ಟು ಬೇಗ ಮುಗಿಸಿ. ಇದಕ್ಕೆ ಸೋಡಾ, ನಿಂಬೆಸಿಪ್ಪೆ ಸಾಕು.

ಜನ ಜಾಸ್ತಿ ಎಡವುವುದು ಐಸ್ ಕ್ಯಾಂಡಿ ಮಾಡುವಾಗ. "ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟೆ, ಗಟ್ಟಿಯೇ ಆಗಲಿಲ್ಲ" ಅಂತಾರೆ. ತಪ್ಪು ಫ್ರೀಜರ್‌ನದಲ್ಲ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಆಸುಪಾಸು ಇರುತ್ತದೆ, ಮದ್ಯಸಾರ ಹೆಪ್ಪುಗಟ್ಟುವುದು ಮೈನಸ್ 114ರಲ್ಲಿ. ಮದ್ಯ ಹೆಚ್ಚಿದಷ್ಟೂ ಮಿಶ್ರಣ ಮೆತ್ತಗೆ. ಸಕ್ಕರೆಯೂ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ಅಂದಾಜು ಬಿಟ್ಟು ಲೆಕ್ಕ ಹಾಕಿ. ಮೊದಲು ಲೇಬಲ್ ನೋಡಿ, ಕಂಪಾರಿಯ ಮದ್ಯಸಾರ ದೇಶದಿಂದ ದೇಶಕ್ಕೆ ಬೇರೆ. 25 ಶೇಕಡಾ ಅಂದುಕೊಳ್ಳಿ. 50 ಮಿಲಿಯಲ್ಲಿ ಮದ್ಯಸಾರ 12.5 ಮಿಲಿ. ಒಟ್ಟು ಮಿಶ್ರಣ 500 ಮಿಲಿ ಆದರೆ ಅದು 2.5 ಶೇಕಡಾ, ಕಡ್ಡಿಗೆ ಗಟ್ಟಿಯಾಗಿ ಕೂರುತ್ತದೆ. ನಾನು 5 ದಾಟುವುದಿಲ್ಲ. ಕಂಪಾರಿಯಂಥದೇ ಇಟಲಿಯ ಇನ್ನೊಂದು ಮದ್ಯ ಅಪೆರೋಲ್‌ನಲ್ಲಿ ಮದ್ಯಸಾರ 11 ಶೇಕಡಾ ಮಾತ್ರ, ಅದನ್ನು ಕಂಪಾರಿಯ ಎರಡರಷ್ಟು ಹಾಕಬಹುದು. ಕಹಿಯೂ ಕಡಿಮೆ.

ಕ್ಯಾಂಡಿಗಿಂತ ನನಗೆ ಗ್ರಾನಿಟಾ ಇಷ್ಟ. ರಸವನ್ನು ಹೆಪ್ಪುಗಟ್ಟಿಸಿ ಕೆರೆದು ಮಾಡುವ ಹರಳು ಹರಳಾದ ಐಸ್ ಅದು. ಸಿಸಿಲಿಯದ್ದು, ಯಂತ್ರ ಬೇಡ, ಮೆತ್ತಗಾದರೂ ಚಿಂತೆಯಿಲ್ಲ. 400 ಮಿಲಿ ಕಿತ್ತಳೆ ರಸಕ್ಕೆ 50 ಮಿಲಿ ಕಂಪಾರಿ, 20 ಮಿಲಿ ನಿಂಬೆರಸ, 60 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು. ಇಲ್ಲಿ ಮಾತ್ರ ಸಕ್ಕರೆ ಯಾಕೆ ಅಂದರೆ, ತಣ್ಣಗಾದಷ್ಟೂ ನಾಲಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಹರಳು ಪುಡಿಪುಡಿಯಾಗಿ ಉಳಿಯಲೂ ಅದು ಬೇಕು. ಸಕ್ಕರೆ ಕರಗಿಸಿ ಅಗಲವಾದ ಸ್ಟೀಲ್ ತಟ್ಟೆಗೆ ಒಂದು ಬೆರಳಿನಷ್ಟು ಎತ್ತರಕ್ಕೆ ಸುರಿದು ಫ್ರೀಜರ್‌ನಲ್ಲಿಡಿ. ಮುಕ್ಕಾಲು ಗಂಟೆಗೆ ಅಂಚಿನಲ್ಲಿ ತೆಳ್ಳನೆ ಪದರ ಕಟ್ಟಿರುತ್ತದೆ, ನಡುವೆ ಇನ್ನೂ ನೀರು. ಫೋರ್ಕ್‌ನಿಂದ ಅಂಚು ಕೆರೆದು ನಡುವಿಗೆ ತಳ್ಳಿ. ಅರ್ಧ ಗಂಟೆಗೊಮ್ಮೆ ಹೀಗೇ ಮಾಡಿ. ಮೊದಲೆರಡು ಸಲ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಬಿಡಬೇಡಿ. ಆಮೇಲೆ ಫೋರ್ಕ್ ಎಳೆದಾಗ ಸರ್ರ್ ಅಂತ ಸದ್ದು ಬರುತ್ತದೆ, ತಟ್ಟೆ ತುಂಬ ಕಿತ್ತಳೆಗೆಂಪು ಹರಳು. ಗ್ಲಾಸುಗಳನ್ನೂ ಮೊದಲೇ ಫ್ರೀಜರ್‌ನಲ್ಲಿಟ್ಟಿರಿ, ಇಲ್ಲದಿದ್ದರೆ ಮೇಜಿಗೆ ತರುವಷ್ಟರಲ್ಲಿ ಕರಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಕೆಂಪು ಕ್ಯಾಂಡಿ ನೋಡಲು ಮಕ್ಕಳ ಐಸ್ ಕ್ಯಾಂಡಿಯ ಹಾಗೇ ಇರುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಸೋಸಿ ಉಳಿದ ಸ್ಟ್ರಾಬೆರಿಯಲ್ಲೂ ಮದ್ಯ ತುಂಬಿರುತ್ತದೆ, ಅದನ್ನು ಬಟ್ಟಲಿನಲ್ಲಿ ಹಾಕಿ ಸುಮ್ನೆ ಮೇಜಿನ ಮೇಲೆ ಬಿಡಬೇಡಿ.