ಹಿಮ್ಮಡಿ ನೋಡ್ಬೇಡ ಮಾರಾಯ

ಕುಮಾರಪರ್ವತ ಹತ್ತಿ ಕುಕ್ಕೆಯ ಕಡೆಗೆ ಇಳಿಯುವವರಿಗೆ ಗಿರಿಗದ್ದೆ ದಾಟಿದ ಮೇಲೆ ಬೋಳು ಹುಲ್ಲುಗುಡ್ಡ ಮುಗಿದು ದಟ್ಟ ಕಾಡು ಸಿಗುತ್ತದೆ. ಬಿಸಿಲಲ್ಲಿ ಬೆಂದು ಬಂದಿದ್ದ ನಾವು ನಾಲ್ವರು ಗೆಳೆಯರು ನೆರಳು ಸಿಕ್ಕ ಖುಷಿಗೆ ಅಲ್ಲಿಂದ ಓಡಲು ಶುರುಮಾಡಿದೆವು. ಮೂರನೆಯವನಾಗಿದ್ದ ನಾನು ಹತ್ತು ನಿಮಿಷದಲ್ಲಿ ಎರಡು ಸಲ ಬೇರಿಗೆ ಎಡವಿದೆ. ಮುಂದಿದ್ದ ಪುತ್ತೂರಿನ ಗೆಳೆಯ ತಿರುಗಿಯೂ ನೋಡದೆ ಕೂಗಿದ: "ನನ್ನ ಹಿಮ್ಮಡಿ ನೋಡ್ಬೇಡ ಮಾರಾಯ, ದಾರಿ ನೋಡು!" ಅವನಿಂದ ಏಳೆಂಟು ಹೆಜ್ಜೆ ಹಿಂದುಳಿದೆ. ಆಮೇಲೆ ಎಡವಲಿಲ್ಲ.

ಅವನಿಗೆ ಓಡಿ ಓಡಿ ಗೊತ್ತಾಗಿದ್ದನ್ನು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ನೋಡಿದ್ದಾರೆ. ಕಣ್ಣು ಎಲ್ಲಿ ನೆಟ್ಟಿದೆ ಎಂದು ದಾಖಲಿಸುವ ಉಪಕರಣ ತೊಡಿಸಿ, ಕಲ್ಲುಗುಂಡಿನ ದಾರಿಯಲ್ಲಿ ಜನರನ್ನು ನಡೆಸಿದ ಅವರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದಾರಿ ಕೆಟ್ಟಷ್ಟೂ ನಡೆಯುವವರು ನಿಧಾನವಾದರು, ನೋಟ ನೆಲಕ್ಕೆ ಅಂಟಿಕೊಂಡಿತು. ಆದರೂ ಆ ನೋಟ ಸುಮಾರು ಒಂದೂವರೆ ಸೆಕೆಂಡಿನಷ್ಟು ಮುಂದೆಯೇ ಇತ್ತು. ಅಂದರೆ ಈಗ ಇಡುವ ಹೆಜ್ಜೆಯನ್ನಲ್ಲ, ಅದರಾಚೆಯ ಹೆಜ್ಜೆಗೆ ಜಾಗವನ್ನು ಕಣ್ಣು ಹುಡುಕುತ್ತಿರುತ್ತದೆ. ಎತ್ತಿದ ಕಾಲಿನ ಗತಿಯನ್ನು ಗಾಳಿಯಲ್ಲಿ ಹೆಚ್ಚೇನೂ ಬದಲಿಸಲಾಗದು. ಅದು ಎಲ್ಲಿ ಬೀಳಬೇಕೆಂಬುದು ನೆಲ ಬಿಡುವ ಮೊದಲೇ ಬಹುಪಾಲು ನಿಶ್ಚಯವಾಗಿರುತ್ತದೆ.

ಆ ಅಧ್ಯಯನ ನಡಿಗೆಯದು. ಓಟಕ್ಕೂ ಅದೇ ಒಂದೂವರೆ ಸೆಕೆಂಡ್ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿದೆ. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಓಡುವವನು ಅಷ್ಟು ಹೊತ್ತಿನಲ್ಲಿ 3.3 ಮೀಟರ್ ಸಾಗುತ್ತಾನೆ. ನಾನಿದ್ದದ್ದು ಗೆಳೆಯನ ಬೆನ್ನಿಗೆ ಎರಡೇ ಮೀಟರ್ ಹಿಂದೆ. ನನಗೆ ಬೇಕಾಗಿದ್ದ ನೆಲವನ್ನೆಲ್ಲ ಅವನ ಕಾಲುಗಳೇ ಮುಚ್ಚಿದ್ದವು!

ಕಣ್ಣು ತಪ್ಪಿದರೆ ಕಾಲಾದರೂ ಸಂಭಾಳಿಸಬಾರದೇ? ಸಂಭಾಳಿಸುತ್ತದೆ, ಆದರೆ ತಡವಾಗಿ. ತರಗೆಲೆಯಡಿ ಅಡಗಿದ ಕಲ್ಲಿನ ಮೇಲೆ ಪಾದ ಹೊರಳಿದ ಸುದ್ದಿ ನರಗಳಲ್ಲಿ ಬೆನ್ನುಹುರಿಗೆ ಹೋಗಿ, ಅಲ್ಲಿಂದ ಅಪ್ಪಣೆ ಬಂದು, ಸ್ನಾಯು ಬಿಗಿದುಕೊಳ್ಳುವಷ್ಟರಲ್ಲಿ ಎಷ್ಟೋ ಸಲ ಕಣಕಾಲು ಉಳುಕಿಯೇ ಬಿಟ್ಟಿರುತ್ತದೆ. ಆದ್ದರಿಂದ ಮಿದುಳು ಕಾಯುತ್ತ ಕೂರುವುದಿಲ್ಲ. ಕಣ್ಣು ತಂದ ಸುದ್ದಿಯನ್ನು ನಂಬಿ, ಪಾದ ನೆಲ ಮುಟ್ಟುವ ಮುಂಚೆಯೇ ಸ್ನಾಯುಗಳನ್ನು ಬಿಗಿ ಮಾಡಿಟ್ಟಿರುತ್ತದೆ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಸಪಾಟು ನೆಲಕ್ಕೆ ಕಾಲಿಟ್ಟಾಗ ಮೈಯೆಲ್ಲ ಜಗ್ಗಿದಂತಾಗುತ್ತದಲ್ಲ, ಅದು ಈ ತಯಾರಿ ಸುಳ್ಳಾದಾಗಿನ ಪೆಟ್ಟು.

ತೊಡೆಯ ಪಾಡು ಬೇರೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಮೈಯನ್ನು ಎತ್ತುತ್ತದೆ. ಇಳಿಯುವಾಗ ಅದೇ ಬ್ರೇಕಾಗಬೇಕು, ಬಿಗಿದುಕೊಂಡಿರುವಾಗಲೇ ಉದ್ದಕ್ಕೆ ಎಳೆಸಿಕೊಳ್ಳಬೇಕು. ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟಾಗುವುದು ಹೀಗೆ. 1,712 ಮೀಟರಿನ ತುದಿಯಿಂದ ಇಳಿದ ನಾನು ಮೂರನೆಯ ದಿನ ಆಫೀಸಿನ ಮೆಟ್ಟಿಲನ್ನು ಅಡ್ಡಡ್ಡ ಇಳಿದೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಎಂದು ಜಿಮ್‌ಗೆ ಹೋಗುವ ಸಹೋದ್ಯೋಗಿ ರೋಗ ಪತ್ತೆ ಮಾಡಿದರು. ಪಾಪ, ಓಡುವಾಗ ಸ್ನಾಯುವಿನಲ್ಲಿ ಹುಟ್ಟುವ ಆ ಲ್ಯಾಕ್ಟೇಟು ಓಟ ನಿಂತ ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಇಳಿಜಾರಿಗೆ ಅಷ್ಟು ಅಂಜುವುದಿಲ್ಲ ಎನ್ನುವುದೊಂದೇ ಸಮಾಧಾನ.

ಓಡುವಾಗಿನ ದಣಿವು, ನೋವು ಮಾತ್ರ ಅಷ್ಟಾಗಿ ಗೊತ್ತಾಗಿರಲಿಲ್ಲ, ಜೊತೆಗೆ ಗೆಳೆಯರಿದ್ದರಲ್ಲ. ಆಕ್ಸ್‌ಫರ್ಡಿನ 12 ದೋಣಿ ಹುಟ್ಟುಗಾರರ ಮೇಲೆ ನಡೆದ 2009ರ ಪ್ರಯೋಗವೊಂದರಲ್ಲಿ, ಯಂತ್ರದ ಮೇಲೆ 45 ನಿಮಿಷ ಒಬ್ಬೊಬ್ಬರೇ ಹುಟ್ಟು ಹಾಕಿದ್ದಕ್ಕಿಂತ ಜೊತೆಯಾಗಿ ಹಾಕಿದ ಬಳಿಕ ನೋವು ತಡೆಯುವ ಶಕ್ತಿ ಬಹಳ ಹೆಚ್ಚಿತ್ತು. ಶ್ರಮ ಎರಡೂ ಸಲ ಒಂದೇ. ಹನ್ನೆರಡು ಜನರ ಪ್ರಯೋಗ ಚಿಕ್ಕದು, ನಿಜ. ಆದರೂ ಗುಂಪಿನಲ್ಲಿ ಓಡಿದವರು ತಲೆಯಾಡಿಸುವ ಮಾತು.

ಇಷ್ಟಾದರೂ ಈ ನೆಲನೋಟದಲ್ಲಿ ಒಂದು ಅಪಾಯವಿದೆ. ಅದು ಪುಷ್ಪಗಿರಿ ವನ್ಯಧಾಮದ ಆಸುಪಾಸು, ಆನೆಗಳ ಕಾಡು. ಒಂದು ತಿರುವಿನಲ್ಲಿ ಕೊನೆಯವನು "ನಿಲ್ರೋ!" ಎಂದು ಕೂಗಿದ. ದಾರಿಯ ಮಧ್ಯೆ ಲದ್ದಿ ಬಿದ್ದಿತ್ತು, ಇನ್ನೂ ಹಸಿ. ಮುಂದಿದ್ದ ನಾವು ಮೂವರೂ ಅದನ್ನು ಚೆನ್ನಾಗಿಯೇ ನೋಡಿದ್ದೆವು. ಕಾಲಿಡಬಾರದ ಜಾಗವೆಂದು ಒಬ್ಬರ ಹಿಂದೊಬ್ಬರು ನೀಟಾಗಿ ಹಾರಿ ಬಂದಿದ್ದೆವು. ಅಲ್ಲಿಂದ ಕೆಳಗಿನವರೆಗೂ ಗಟ್ಟಿಯಾಗಿ ಮಾತಾಡುತ್ತ ನಡೆದೇ ಹೋದೆವು.