ವಿಡಿಯೊ ನೋಡಿ ಫಿಲಿಪಿನೋ ಕೋಲುವರಸೆ ಕಲಿಯಬಹುದೇ?

ಪ್ರಶ್ನೆ: ಫಿಲಿಪೀನ್ಸಿನ ಕೋಲುವರಸೆ, ಅದರ ಬರಿಗೈ ಪಟ್ಟು ಎರಡನ್ನೂ ಕಲಿಯುವ ಆಸೆ. ನಾನಿರುವುದು ಸಣ್ಣ ಊರು, ಕಲಿಸುವವರು ಹತ್ತಿರದಲ್ಲಿ ಯಾರೂ ಇಲ್ಲ. ವಿಡಿಯೊ ನೋಡಿಕೊಂಡೇ ಕಲಿತರೆ ಆಗುತ್ತದಾ?

ಉತ್ತರ: ಅರ್ಧ ಆಗುತ್ತದೆ. ಯಾವ ಅರ್ಧ ಅನ್ನುವುದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ನನಗದು ಗೊತ್ತಾಗುವಷ್ಟರಲ್ಲಿ ಒಂದೂವರೆ ವರ್ಷವೂ ಹಜಾರದ ಟ್ಯೂಬ್‌ಲೈಟೂ ಹೋಗಿದ್ದವು.

ಹುಡುಕಲು ಕೂತರೆ ಮೊದಲು ಹೆಸರುಗಳೇ ತಲೆ ಕೆಡಿಸುತ್ತವೆ. ಆರ್ನಿಸ್, ಎಸ್ಕ್ರಿಮಾ, ಕಾಲಿ ಮೂರೂ ಹೆಚ್ಚುಕಡಿಮೆ ಒಂದೇ ವಿದ್ಯೆ. ಎಸ್ಕ್ರಿಮಾ ಬಂದದ್ದು ಕತ್ತಿವರಸೆಗೆ ಸ್ಪ್ಯಾನಿಷ್‌ನಲ್ಲಿರುವ ಪದದಿಂದ. ಫಿಲಿಪೀನ್ಸನ್ನು ಸ್ಪೇನ್ ಮುನ್ನೂರು ವರ್ಷಕ್ಕೂ ಹೆಚ್ಚು ಆಳಿತು. ಆರ್ನಿಸ್ ಸರ್ಕಾರದ ಕಡತದಲ್ಲಿರುವ ಹೆಸರು. 2009ರ ಡಿಸೆಂಬರಿನಲ್ಲಿ ಕಾನೂನು ಮಾಡಿ ಅದನ್ನು ರಾಷ್ಟ್ರೀಯ ಸಮರಕಲೆ ಮತ್ತು ಕ್ರೀಡೆ ಎಂದು ಘೋಷಿಸಿದರು. ಕಾಲಿ ಅನ್ನುವುದು ಅಮೆರಿಕದಲ್ಲಿ ಹೆಚ್ಚು ಓಡುವ ಹೆಸರು. ಬ್ರೂಸ್ ಲೀ ಶಿಷ್ಯ ಡ್ಯಾನ್ ಇನೊಸಾಂಟೊ ಅವರ ಬಳಗದವರ ಬಾಯಲ್ಲಿ ಇದನ್ನೇ ಕೇಳುತ್ತೀರಿ. ನಮ್ಮ ಕಾಳಿಗೂ ಇದಕ್ಕೂ ನಂಟು ಕಟ್ಟಲು ಹೋಗಬೇಡಿ.

ಹೆಸರಿಗಿಂತ ಮುಖ್ಯ, ಪಂಥ. ಸೆಬು ನಗರದಲ್ಲಿ 1932ರಲ್ಲಿ ಶುರುವಾದ ದೋಸೆ ಪಾರೆಸ್ (ನಗಬೇಡಿ, ಸ್ಪ್ಯಾನಿಷ್‌ನಲ್ಲಿ ದೋಸೆ ಎಂದರೆ ಹನ್ನೆರಡು), ಅದೇ ಊರಲ್ಲಿ 1950ರ ದಶಕದಲ್ಲಿ ಬೇರೆಯಾಗಿ ನಿಂತ ಬಾಲಿಂತವಾಕ್, ರೆಮಿ ಪ್ರೆಸಾಸ್ ಕಟ್ಟಿದ ಮಾಡರ್ನ್ ಆರ್ನಿಸ್, ಹೀಗೆ ಹತ್ತಾರಿವೆ. ಎಲ್ಲರೂ ಹೊಡೆತಗಳಿಗೆ ನಂಬರ್ ಕೊಟ್ಟಿದ್ದಾರೆ, ಆದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಹೊಂದುವುದಿಲ್ಲ. ಸೋಮವಾರ ಒಬ್ಬರ ವಿಡಿಯೊ, ಮಂಗಳವಾರ ಇನ್ನೊಬ್ಬರದು ನೋಡಿದರೆ ಕೈ ಯಾರ ಮಾತು ಕೇಳಬೇಕು? ಒಂದು ಪಂಥ ಹಿಡಿದು ಆರು ತಿಂಗಳು ಅದರಲ್ಲೇ ಇರಿ.

ಕೋಲಿಗೆ ಬೆತ್ತವೇ ಬೇಕು. ಉದ್ದ ಸುಮಾರು 28 ಇಂಚು, ದಪ್ಪ ಒಂದು ಇಂಚಿನ ಆಸುಪಾಸು. ಬಿದಿರು ಒಳಗೆ ಟೊಳ್ಳು, ಸೀಳಿದರೆ ಅಂಚು ಬ್ಲೇಡಿನಂತಿರುತ್ತದೆ. ಬೆತ್ತ ಗಟ್ಟಿ ನಾರು. ಪೆಟ್ಟು ತಿಂದು ತಿಂದು ಪೊರಕೆಯಂತೆ ಎಳೆ ಬಿಡುತ್ತದೆಯೇ ಹೊರತು ಚೂರು ಸಿಡಿಯುವುದು ಕಡಿಮೆ. ಬೆತ್ತದ ಕುರ್ಚಿ ಹೆಣೆಯುವವರ ಹತ್ತಿರ ಕೇಳಿ ನೋಡಿ. ಹಿಡಿಯುವಾಗ ಬುಡದಲ್ಲಿ ಒಂದು ಮುಷ್ಟಿಗಿಂತ ಸ್ವಲ್ಪ ಕಡಿಮೆ ಬಿಟ್ಟು ಹಿಡಿಯಿರಿ. ಆ ಬಿಟ್ಟ ತುದಿಗೆ ಪುನ್ಯೊ ಎನ್ನುತ್ತಾರೆ. ಹತ್ತಿರ ಬಂದವರಿಗೆ ಅದರಿಂದಲೇ ಗುದ್ದು.

ಈಗ ವಿಡಿಯೊದಿಂದ ಬರುವ ಅರ್ಧ. ಹೊಡೆತದ ದಾರಿ, ಹೆಜ್ಜೆ, ಕೋಲು ತಿರುಗುವ ರೀತಿ, ಇಷ್ಟು ಚೆನ್ನಾಗಿಯೇ ಬರುತ್ತದೆ. ಮಾಡರ್ನ್ ಆರ್ನಿಸ್‌ನ ಒಂದನೇ ಹೊಡೆತ ತೆಗೆದುಕೊಳ್ಳಿ. ಬಲ ಭುಜದ ಮೇಲಿಂದ ಓರೆಯಾಗಿ ಇಳಿದು ಎದುರಾಳಿಯ ಎಡ ಕಣತಲೆಗೆ ಹೋಗುತ್ತದೆ. ಎರಡನೆಯದು ತಿರುಗುಮುರುಗು, ಬಲ ಕಣತಲೆಗೆ. ಐದನೆಯದು ಹೊಟ್ಟೆಗೆ ತಿವಿತ, ಹನ್ನೆರಡನೆಯದು ನೆತ್ತಿಗೆ. ಇಲ್ಲಿ ನಾನು ಬಿದ್ದ ಗುಂಡಿ ಹೇಳುತ್ತೇನೆ. ಕಲಿಸುವವರು ಕ್ಯಾಮೆರಾಗೆ ಮುಖ ಮಾಡಿ ನಿಂತಿದ್ದರು. ಅವರ ಕೋಲು ಪರದೆಯ ಯಾವ ಬದಿಯಿಂದ ಇಳಿಯಿತೋ ನಾನೂ ಅದೇ ಬದಿಯಿಂದ ಇಳಿಸಿದೆ. ಅವರ ಬಲ ನನಗೆ ಎಡ ಎಂದು ಹೊಳೆಯುವಷ್ಟರಲ್ಲಿ ಮೂರು ವಾರ ಒಂದನೇ ನಂಬರ್ ಎಂದುಕೊಂಡು ಎರಡನೆಯದನ್ನೇ ಹೊಡೆದಿದ್ದೆ. ಬೆನ್ನು ತೋರಿಸಿ ಕಲಿಸುವ ವಿಡಿಯೊ ಸಿಕ್ಕರೆ ಅದನ್ನೇ ಆರಿಸಿ.

ಎಲ್ಲರನ್ನೂ ಸೆಳೆಯುವುದು ಸಿನವಾಲಿ, ಎರಡು ಕೋಲಿನ ಆಟ. ಸವಾಲಿ ಎಂದರೆ ಅಲ್ಲಿಯ ಗುಡಿಸಲುಗಳ ಗೋಡೆಗೆ ಕಟ್ಟುವ ಬಿದಿರಿನ ತಟ್ಟಿ. ಅದರ ಹೆಣಿಗೆಯ ಹಾಗೆ ಕೋಲುಗಳು ಮೇಲೆ ಕೆಳಗೆ ಹಾಯುತ್ತವೆ. ‘ಹೆವೆನ್ ಸಿಕ್ಸ್’ ಅನ್ನುವ ವರಸೆಯಲ್ಲಿ ಎರಡೂ ಕೋಲು ಬಲಕ್ಕಿಟ್ಟು ಶುರು. ಬಲಗೈ ಒಳಮುಖ, ಎಡಗೈ ಹೊರಮುಖ, ಮತ್ತೆ ಬಲಗೈ ಹೊರಮುಖ. ಅಲ್ಲಿಗೆ ಮೂರು. ಅದನ್ನೇ ಎಡದಿಂದ ಮಾಡಿದರೆ ಆರು. ಕೋಲಾಟ ಆಡಿದವರಿಗೆ ವಾರದಲ್ಲಿ ಕೂರುತ್ತದೆ.

ಮೋಸ ಹೋಗುವುದೂ ಇಲ್ಲೇ. ಕೋಲಾಟದಲ್ಲಿ ಕೋಲಿಗೆ ಕೋಲು ತಾಗಿದರೆ ಆಟ ಮುಗಿಯಿತು, ತಾಳ ಸಿಕ್ಕಿತು. ಆರ್ನಿಸ್‌ನಲ್ಲಿ ಆ ಟಕ್ ಟಕ್ ಸದ್ದು ಅಭ್ಯಾಸಕ್ಕೆ ಮಾಡಿಕೊಂಡ ರಾಜಿ. ಹಳಬರ ಪಾಠದಲ್ಲಿ ಗುರಿ ಕೋಲು ಹಿಡಿದ ಕೈಯೇ. ಬೆರಳು ಜಜ್ಜಿಸಿಕೊಂಡ ಹುಡುಗರು ಓಡಿಹೋಗುತ್ತಿದ್ದರು. ಪ್ರೆಸಾಸ್ ಅವರು ಕೈಗೆ ಹೊಡೆಯುವ ಬದಲು ಕೋಲಿಗೆ ಹೊಡೆಸಿ ಕಲಿಸುವುದನ್ನು ಬೆಳೆಸಿದರು, ಅದರಿಂದಲೇ ವಿದ್ಯೆ ಶಾಲೆಗಳಿಗೂ ಹೊರದೇಶಗಳಿಗೂ ಹರಡಲು ಸುಲಭವಾಯಿತು. ಆದರೆ ಒಳಗಿನ ಲೆಕ್ಕ ಬದಲಾಗಿಲ್ಲ. ಕೈಗೆ ಹೊಡೆದು ಆಯುಧ ಬೀಳಿಸುವುದಕ್ಕೆ ಹಾವಿನ ಹಲ್ಲು ಕೀಳುವುದು ಎಂದೇ ಹೇಳುತ್ತಾರೆ. ಪರದೆಯ ಮುಂದೆ ಒಬ್ಬರೇ ಬೀಸುವಾಗ ಈ ಲೆಕ್ಕ ಹಿಡಿಯಲು ದಾರಿಯಿಲ್ಲ. ಎದುರಿನ ಕೈ ಎಷ್ಟು ದೂರದಲ್ಲಿದೆ, ಒಂದು ಗೇಣು ಹಿಂದೆ ಸರಿದರೆ ನನ್ನ ಕೋಲು ಎಲ್ಲಿಗೆ ಮುಟ್ಟುತ್ತದೆ ಅನ್ನುವುದನ್ನು ಹೇಳಲು ಎದುರಿಗೆ ಒಂದು ಕೈ ಇರಬೇಕು.

ಬರಿಗೈ ವಿಚಾರಕ್ಕೂ ಇದೇ ಮಾತು, ಇನ್ನೂ ಜೋರಾಗಿ. ಕರಾಟೆಯಲ್ಲಿ ಸಾಮಾನ್ಯವಾಗಿ ಮೊದಲು ಕೈ, ಆಮೇಲೆ ಆಯುಧ. ಇಲ್ಲಿ ಮೊದಲು ಕೋಲು. ಕೋಲು ಕೆಳಗಿಟ್ಟರೆ ಅದೇ ಸಿನವಾಲಿ ಕೈಯಲ್ಲಿ ತಟ್ಟಿ, ತಳ್ಳಿ, ಗುದ್ದುವ ವರಸೆಯಾಗುತ್ತದೆ. ಅಷ್ಟನ್ನು ವಿಡಿಯೊ ತೋರಿಸಬಲ್ಲದು. ಹುಬುದ್-ಲುಬುದ್ ಹಾಗಲ್ಲ. ಕಟ್ಟು-ಬಿಚ್ಚು ಎಂಬ ಅರ್ಥದ ಆ ಅಭ್ಯಾಸದಲ್ಲಿ ಬಂದ ಕೈಯನ್ನು ತಡೆದು, ದಾಟಿಸಿ, ಒತ್ತಿ ಹಿಡಿದು ನೀವು ಹೊಡೆಯುತ್ತೀರಿ, ಎದುರಿನವರೂ ಅದನ್ನೇ ಮಾಡುತ್ತಾರೆ. ಮುಂಗೈಗೆ ಮುಂಗೈ ತಾಗಿದಾಗ ಬರುವ ಒತ್ತಡ ಓದುವುದೇ ಅಲ್ಲಿಯ ಪಾಠ. ನೂರು ಸಲ ನೋಡಿದರೂ ಅದು ಕಣ್ಣಿಗೆ ಕಾಣುವಂಥದ್ದಲ್ಲ.

ಹಾಗಾಗಿ ಎರಡನೇ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಒಬ್ಬ ಜೊತೆಗಾರನನ್ನು ಹಿಡಿಯಿರಿ. ತಮ್ಮನೋ, ಪಕ್ಕದ ಮನೆಯವರೋ ಆಗಲಿ. ಊರಲ್ಲಿ ದೊಣ್ಣೆವರಸೆ ಬಲ್ಲ ಹಿರಿಯರಿದ್ದರೆ ನಿಮ್ಮ ಪುಣ್ಯ. ಅವರ ಕೋಲು ಉದ್ದ, ಪಟ್ಟು ಬೇರೆ, ಆದರೆ ಅಂತರ ಅಳೆಯುವ ಕಣ್ಣು ಅವರಲ್ಲಿರುತ್ತದೆ. ಇಬ್ಬರಿಗೂ ಪೆಟ್ಟಿನಿಂದ ಕಣ್ಣು ಕಾಯುವ ಗಟ್ಟಿ ಕನ್ನಡಕ ಇರಲಿ, ಇದರಲ್ಲಿ ಚೌಕಾಸಿ ಬೇಡ. ಬಿಡುಬೀಸಾಗಿ ಆಡಲು ಪಿವಿಸಿ ಪೈಪಿಗೆ ಎ.ಸಿ. ಮೆಕ್ಯಾನಿಕ್‌ಗಳು ಬಳಸುವ ಕಪ್ಪು ಫೋಮ್ ಸುತ್ತಿಕೊಳ್ಳಿ, ಆಗಲೂ ಮುಖ ತಲೆ ಬಿಟ್ಟು ಹೊಡೆಯಿರಿ. ಒಬ್ಬರೇ ಇದ್ದಾಗ ಮರಕ್ಕೆ ಹಳೇ ಟೈರ್ ಕಟ್ಟಿ ಬಾರಿಸಿ. ಗಾಳಿಗೆ ಬೀಸಿದಾಗ ಗೊತ್ತಾಗದ ಸಡಿಲ ಮಣಿಕಟ್ಟು ಟೈರಿಗೆ ಹೊಡೆದಾಗ ತಕ್ಷಣ ಗೊತ್ತಾಗುತ್ತದೆ.

ಮೊಬೈಲ್ ಒಂದು ಕಡೆ ಇಟ್ಟು ನಿಮ್ಮದನ್ನೂ ರೆಕಾರ್ಡ್ ಮಾಡಿ ನೋಡಿ. ನೋಡುವಾಗ ಕೋಲು ಬಿಟ್ಟು, ಖಾಲಿ ಇರುವ ಎಡಗೈ ನೋಡಿ. ಎದುರಾಳಿಯ ಕೈ ತಡೆಯಲು ಎದೆಯ ಮುಂದೆ ಕಾಯುತ್ತಿರಬೇಕಾದದ್ದು ಅದು. ನನ್ನ ಮೊದಲ ರೆಕಾರ್ಡಿಂಗಿನಲ್ಲಿ ಅದು ತೊಡೆಯ ಪಕ್ಕ ಒದ್ದೆ ಟವೆಲ್ಲಿನ ಹಾಗೆ ನೇತಾಡುತ್ತಿತ್ತು. ಮಾರನೇ ದಿನ ಚಿಕ್ಕಪ್ಪನ ಮಗನನ್ನು ಎದುರಿಗೆ ನಿಲ್ಲಿಸಿಕೊಂಡೆ. ಫೋಮ್ ಕೋಲಿನಲ್ಲಿ ನಾಲ್ಕೇ ಪೆಟ್ಟು ಬಿತ್ತು, ಎಡಗೈ ತಾನಾಗಿ ಮೇಲೆ ಬಂತು.