ನೆಲದಿಂದ ಏಳುವ ಹೊತ್ತು

ಸಾವಾದ ಮನೆಯವರು ಆಪ್ತಸಮಾಲೋಚನೆಗೆ ಬಂದಾಗ ಸಾವಿನ ಅರ್ಥವನ್ನು ಕೇಳುವುದು ಕಡಿಮೆ. ‘ಅಮ್ಮ ಇನ್ನೂ ಎಷ್ಟು ದಿನ ಹೀಗೇ ಇರುತ್ತಾರೆ?’ ಎಂದು ಕೇಳುತ್ತಾರೆ. ಇದಕ್ಕೆ ಲೆಕ್ಕ ಕೊಡಲು ನಾವು ಹಿಂಜರಿಯುತ್ತೇವೆ. ಯೆಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್ ಹಿಂಜರಿಯುವುದಿಲ್ಲ. ಅಳುವುದಕ್ಕೆ 3 ದಿನ, ಸತ್ತವರ ಗುಣ ನೆನೆದು ಗೋಳಾಡುವುದಕ್ಕೆ 7, ಕ್ಷೌರ ಮಾಡಿಸದೆ, ಇಸ್ತ್ರಿ ಬಟ್ಟೆ ತೊಡದೆ ಇರುವುದಕ್ಕೆ 30. ಅಲ್ಲಿಂದಾಚೆಗೆ ದೇವರೇ ಗದರುತ್ತಾನಂತೆ: ಸತ್ತವರ ಮೇಲೆ ನನಗಿಂತ ನಿಮಗೆ ಹೆಚ್ಚು ಕರುಣೆಯೇ?

ಮೊದಲ ಏಳು ದಿನ, ಅಂದರೆ ಶಿವಾ, ಮನೆಯವರು ತಗ್ಗಾದ ಆಸನದಲ್ಲಿ ಕೂರುತ್ತಾರೆ. ಅಂತ್ಯಕ್ರಿಯೆ ಮುಗಿಸಿ ಬಂದ ಮೇಲಿನ ಮೊದಲ ಊಟ ಅಕ್ಕಪಕ್ಕದವರ ಮನೆಯಿಂದಲೇ ಬರಬೇಕು. ಮೊಟ್ಟೆ ಮತ್ತು ಬೇಳೆ ವಾಡಿಕೆ. ಸಂತೈಸಲು ಬಂದವರು ದುಃಖಿತರು ಮಾತನಾಡುವ ತನಕ ಬಾಯಿ ತೆರೆಯುವಂತಿಲ್ಲ. ಸೂತಕದ ಮನೆಗೆ ಅಡುಗೆ ತಂದುಕೊಡುವುದು ನಮಗೂ ಗೊತ್ತು. ಸುಮ್ಮನೆ ಕೂರುವುದು ಮಾತ್ರ ಗೊತ್ತಿಲ್ಲ. ‘ಮಗಳ ಮದುವೆಯನ್ನಾದರೂ ನೋಡಿ ಹೋದರಲ್ಲ’ ಎನ್ನದಿದ್ದರೆ ಬಂದದ್ದೇ ವ್ಯರ್ಥ ಎಂಬಂತೆ ಆಡುತ್ತೇವೆ.

ತಂದೆ ತಾಯಿಯನ್ನು ಕಳೆದುಕೊಂಡವರು 11 ತಿಂಗಳು ಕದ್ದೀಶ್ ಪ್ರಾರ್ಥನೆ ಹೇಳುತ್ತಾರೆ. ಅದರಲ್ಲಿ ಸಾವಿನ ಪ್ರಸ್ತಾಪವೇ ಇಲ್ಲ, ಇರುವುದೆಲ್ಲ ದೇವರ ಸ್ತುತಿ. ಮನೆಯಲ್ಲಿ ಒಬ್ಬರೇ ಕೂತು ಹೇಳುವಂತೆಯೂ ಇಲ್ಲ. ಕನಿಷ್ಠ ಹತ್ತು ಜನ ಸೇರಬೇಕು. ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲದವರಿಗೆ ದಿನಾ ಒಂದೇ ಹೊತ್ತಿಗೆ ಹೊರಟು ನಾಲ್ಕು ಜನರ ನಡುವೆ ಹೋಗಿ ಎಂದು ನಾವು ಸಲಹೆ ಕೊಟ್ಟರೆ ಪಾಲಿಸುವವರು ವಿರಳ. ಅದೇ ಸಲಹೆ ಇಲ್ಲಿ ಕರ್ತವ್ಯದ ರೂಪದಲ್ಲಿದೆ.

ಇಡೀ ಸಮುದಾಯ ಒಟ್ಟಿಗೆ ಶೋಕಿಸುವ ದಿನ ತಿಶಾ ಬೆಆವ್, ಅಂದರೆ ಯೆಹೂದಿ ಪಂಚಾಂಗದ ಆವ್ ತಿಂಗಳ ಒಂಬತ್ತನೆಯ ದಿನ. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿಯನ್ನರು, ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನಾಶಮಾಡಿದ್ದರ ನೆನಪಿಗೆ ಸುಮಾರು 25 ಗಂಟೆ ಅನ್ನ ನೀರು ಬಿಟ್ಟು ಉಪವಾಸವಿರುತ್ತಾರೆ. ರಾತ್ರಿ ನೆಲದ ಮೇಲೆ ಕೂತು ಬೈಬಲಿನ ಪ್ರಲಾಪಗಳ ಪುಸ್ತಕ ಓದುತ್ತಾರೆ. ಅದರ ಕೊನೆಯ ವಚನ ದೇವರು ಕೈಬಿಟ್ಟನೆಂಬ ಕಹಿಯಲ್ಲಿ ನಿಲ್ಲುತ್ತದೆ. ಅಲ್ಲಿಗೇ ಮುಗಿಸಬಾರದೆಂದು ಅದರ ಹಿಂದಿನ ವಚನವನ್ನು, ನಮ್ಮನ್ನು ನಿನ್ನೆಡೆಗೆ ತಿರುಗಿಸಿಕೋ ಎಂಬ ಮೊರೆಯನ್ನು, ಮತ್ತೊಮ್ಮೆ ಓದಿ ಪುಸ್ತಕ ಮುಚ್ಚುತ್ತಾರೆ. ಕಹಿ ವಚನವನ್ನು ತೆಗೆದುಹಾಕಿಲ್ಲ, ತಿದ್ದಿಯೂ ಇಲ್ಲ.

ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸುವುದು ಉಪವಾಸ ಇನ್ನೂ ಮುಗಿಯದ ಮರುದಿನದ ಮಧ್ಯಾಹ್ನ. ದೇವಾಲಯಕ್ಕೆ ಬೆಂಕಿ ಬಿದ್ದದ್ದು ಆ ದಿನದ ಇಳಿಹೊತ್ತಿನಲ್ಲಿ ಎನ್ನುತ್ತದೆ ತಾಲ್ಮುದ್. ಶೋಕ ಆಗ ತಾನೇ ಬಿಗಿಯಾಗಬೇಕಲ್ಲವೇ? ಜನ ಅದೇ ಹೊತ್ತಿಗೆ ನೆಲದಿಂದ ಎದ್ದು ಕುರ್ಚಿಯಲ್ಲಿ ಕೂರುತ್ತಾರೆ, ಪ್ರಾರ್ಥನೆಯಲ್ಲಿ ಸಾಂತ್ವನದ ಮಾತು ಸೇರುತ್ತದೆ. ದೇವರ ಕೋಪ ಮರ ಕಲ್ಲುಗಳ ಮೇಲೆ ತೀರಿತು, ಜನ ಉಳಿದರು ಎಂಬುದು ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಕೊಡುವ ಕಾರಣ. ವಾರದ ವಿಶ್ರಾಂತಿ ದಿನವಾದ ಮುಂದಿನ ಸಬ್ಬತ್‌ನಲ್ಲಿ ಓದುವುದು ಪ್ರವಾದಿ ಯೆಶಾಯನ ‘ಸಂತೈಸಿರಿ, ನನ್ನ ಜನರನ್ನು ಸಂತೈಸಿರಿ’. ಯೆಹೂದಿ ಹೊಸ ವರ್ಷದವರೆಗೆ ಹೀಗೆ ಏಳು ವಾರ ಸಾಂತ್ವನದ ವಾಚನಗಳು. ತಿಶಾ ಬೆಆವ್‌ಗೆ ಮುಂಚಿನ ಶೋಕದ ಕಟ್ಟುನಿಟ್ಟಿನ ಅವಧಿ ಮೂರು ವಾರ, ಸಾಂತ್ವನಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು. ಈ ಅನುಪಾತ ನನಗೆ ಸರಿಯೆನಿಸುತ್ತದೆ.

ಕ್ರಿ.ಶ. 70ರಲ್ಲಿ ಎರಡನೆಯ ದೇವಾಲಯ ಬಿದ್ದ ಮೇಲೆ ಕೆಲವರು ಮಾಂಸ, ದ್ರಾಕ್ಷಾರಸ ಬಿಟ್ಟರು. ಬಲಿಪೀಠವೇ ಇಲ್ಲವೆಂದ ಮೇಲೆ ಇವೇಕೆ ಎಂಬುದು ಅವರ ವಾದ. ರಬ್ಬಿ ಯೆಹೋಶುವ ವಾದಕ್ಕಿಳಿದ. ಹಾಗಾದರೆ ರೊಟ್ಟಿಯನ್ನೂ ಬಿಡಿ, ಧಾನ್ಯದ ನೈವೇದ್ಯ ನಿಂತಿದೆ. ಹಣ್ಣು ಬಿಡಿ, ಪ್ರಥಮ ಫಲದ ಅರ್ಪಣೆಯೂ ನಿಂತಿದೆ. ನೀರು? ಅದನ್ನೂ ಪೀಠಕ್ಕೆ ಎರೆಯುತ್ತಿದ್ದರು. ಅವರು ಸುಮ್ಮನಾದರು. ದುಃಖಿಸದೇ ಇರುವುದು ಸಾಧ್ಯವಿಲ್ಲ, ಅತಿಯಾಗಿ ದುಃಖಿಸುವುದೂ ಸಾಧ್ಯವಿಲ್ಲ. ಮನೆಗೆ ಗಾರೆ ಹಾಕಿಸಿ, ಸ್ವಲ್ಪ ಜಾಗ ಮಾತ್ರ ಹಾಗೇ ಬಿಡಿ ಎಂದ.

ಇದನ್ನೆಲ್ಲ ಓದಿದವರು, ಮೂವತ್ತನೆಯ ದಿನ ದುಃಖ ಮುಗಿಯಲೇಬೇಕು ಎಂದು ಮನೆಯವರಿಗೆ ಗಡುವು ಹಾಕಬಾರದು. ಆ ಸಂಖ್ಯೆಗಳು ಅಳತೆ ಹಾಕುವುದು ಆಚರಣೆಯನ್ನು. ಅಮೆರಿಕದ ಮನೋವೈದ್ಯರ ಕೈಪಿಡಿ 2022ರ ಆವೃತ್ತಿಯಲ್ಲಿ ದೀರ್ಘಕಾಲದ ಶೋಕವನ್ನು ಕಾಯಿಲೆಯೆಂದು ಸೇರಿಸಿದಾಗ, ವಯಸ್ಕರಲ್ಲಿ ಸಾವಾಗಿ ಕನಿಷ್ಠ 12 ತಿಂಗಳು ಕಳೆದಿರಬೇಕು ಎಂದಿತು. ತಂದೆ ತಾಯಿಯ ಶೋಕಕ್ಕೆ ರಬ್ಬಿಗಳು ಇಟ್ಟದ್ದೂ 12 ತಿಂಗಳನ್ನೇ. ಕಾಕತಾಳೀಯವಿರಬಹುದು. ವರ್ಷ ಕಳೆದರೂ ಪ್ರತಿದಿನವೂ ಹಂಬಲ ಅಷ್ಟೇ ತೀವ್ರವಾಗಿದ್ದು, ಊಟ, ಕೆಲಸ, ಜನ ಯಾವುದೂ ಬೇಡವೆನಿಸುತ್ತಿದ್ದರೆ ಅಮ್ಮನನ್ನು ಕರೆದುಕೊಂಡು ಬನ್ನಿ. ಸಾಯುವ ಮಾತು ಬಂದರೆ ವರ್ಷ ಕಾಯಬೇಡಿ, ಅಂದೇ ಬನ್ನಿ.